ಗಾಡಿ ಬೇರೆ, ಓಡಾಟ ಬೇರೆ

ಹಾರ, ಶಾಲು, ಫಲತಾಂಬೂಲಗಳೊಡನೆ ನಿವೃತ್ತನಾಗಿ ಮನೆಗೆ ಬಂದ ಮನುಷ್ಯ ಮೊದಲು ಮಾಡುವ ಯೋಚನೆ ಯಾವುದು? ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನಾನು ಕಂಡಮಟ್ಟಿಗೆ, ಹೊಸ ಕಾರಿನ ಯೋಚನೆ. ಗ್ರ್ಯಾಚುಯಿಟಿ ಹಣ ಬ್ಯಾಂಕಿಗೆ ಬಂದು ತಿಂಗಳು ತುಂಬುವ ಮೊದಲೇ ಅದರಲ್ಲೊಂದು ದೊಡ್ಡ ಪಾಲು ಷೋರೂಮಿಗೆ ಹೋಗಿರುತ್ತದೆ. ಇದನ್ನು ಯಾರೂ ದುಂದು ಎನ್ನುವುದಿಲ್ಲ. "ಇನ್ನು ಮೇಲಾದರೂ ಆರಾಮವಾಗಿ ಓಡಾಡಬೇಕಲ್ಲ, ಸ್ವಾಮಿ" ಎನ್ನುತ್ತಾರೆ. ಈ ಮಾತಿಗೇ ನನ್ನ ತಕರಾರು. ಗಾಡಿ ಬೇರೆ, ಓಡಾಟ ಬೇರೆ. ಗಾಡಿಗೆ ಸುರಿದ ಹಣವೆಲ್ಲ ಓಡಾಟಕ್ಕೆ ಸಂದಿತೆಂದು ತಿಳಿಯುವುದು ಭ್ರಮೆ. ಎಷ್ಟೋ ಮನೆಗಳಲ್ಲಿ ಅದು ಓಡಾಟದ ಬಾಯಿಂದ ಕಿತ್ತುಕೊಂಡ ತುತ್ತು.

ಲೆಕ್ಕವನ್ನೇ ಮಾಡೋಣ. ಜೀವಾವಧಿ ತೆರಿಗೆ, ವಿಮೆ ಎಲ್ಲ ಸೇರಿ 12 ಲಕ್ಷ ರೂಪಾಯಿಗೆ ಒಂದು ಕಾರು ಮನೆಯ ಮುಂದೆ ಬಂದು ನಿಂತಿತೆನ್ನಿ. ಅದೇ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ? 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇಕಡಾ 8.2ಕ್ಕೆ ಏರಿತು. ಆ ದರದಲ್ಲಿ ಮೂರು ತಿಂಗಳಿಗೊಮ್ಮೆ 24,600, ಎಂದರೆ ತಿಂಗಳಿಗೆ 8,200 ರೂಪಾಯಿ ಕೈಗೆ ಬರುತ್ತದೆ; ಆದಾಯ ತೆರಿಗೆ ಬೀಳುವವರು ಅಷ್ಟನ್ನು ಕಳೆದುಕೊಳ್ಳಲಿ. ಇನ್ನು ಆಟೋ ದರ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಂದು ಗೊತ್ತಾದದ್ದು ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿಗೆ 90 ರೂಪಾಯಿ ಆಯಿತು. 8,200 ರೂಪಾಯಿಗೆ ಇಂಥ 91 ಸವಾರಿ! ದಿನಕ್ಕೆ ಮೂರು. "ಮೀಟರಿನ ಮೇಲೆ ಯಾವ ಆಟೋ ಬರುತ್ತದೆ?" ಎಂದು ನಗುವಿರಿ. ಸರಿ, ಒಂದೂವರೆ ಪಟ್ಟು ಕೊಡಿ. ಆಗಲೂ 60 ಸವಾರಿಗೆ ಮೋಸವಿಲ್ಲ. ಇದೆಲ್ಲ ಬರಿಯ ಬಡ್ಡಿಯ ಮಾತು. ಪೆಟ್ರೋಲು, ವರ್ಷ ವರ್ಷದ ವಿಮೆ, ಸರ್ವೀಸು, ಟೈರು, ಬ್ಯಾಟರಿಗಳನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಅಂಚೆ ಕಚೇರಿಯ ಅಸಲನ್ನು ಬೆಲೆಯೇರಿಕೆ ಸವೆಸೀತು, ನಿಜ. ಆದರೆ ಬೀದಿಯ ಬಿಸಿಲಲ್ಲಿ ನಿಂತ ಕಾರು ಸವೆಯುವ ವೇಗ ಅದಕ್ಕೆಲ್ಲಿಯದು?

ಕಾಲದ ಲೆಕ್ಕ ಇನ್ನೂ ವಿಚಿತ್ರ. ಸ್ವಂತ ಕಾರಿಗೆ ಸರಕಾರ ಕೊಡುವ ನೋಂದಣಿ 15 ವರ್ಷದ್ದು. ಅದನ್ನು ಓಡಿಸುವವನಿಗೆ 55 ದಾಟಿದ ಮೇಲೆ ಲೈಸೆನ್ಸು ಸಿಗುವುದು ಐದೈದು ವರ್ಷಕ್ಕೆ ಮಾತ್ರ, ಅದೂ ವೈದ್ಯರ ಸರ್ಟಿಫಿಕೇಟು ತಂದರೆ. ಕಬ್ಬಿಣದ ಮೇಲಿರುವ ನಂಬಿಕೆ ಕಾನೂನಿಗೆ ನಮ್ಮ ಕಣ್ಣು ಕೈಗಳ ಮೇಲಿಲ್ಲ. ಅದು ತಪ್ಪೂ ಅಲ್ಲ. ಅರುವತ್ತರಲ್ಲಿ ಕೊಂಡ ಕಾರಿಗೆ 15 ತುಂಬುವಾಗ ಒಡೆಯನಿಗೆ 75. ಆ ಹೊತ್ತಿಗೆ ಕಾರನ್ನು ಇನ್ನೈದು ವರ್ಷ ಇಟ್ಟುಕೊಳ್ಳಬೇಕಾದರೆ ತಪಾಸಣೆ, ನವೀಕರಣ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು.

"ನಡುರಾತ್ರಿ ಎದೆನೋವು ಬಂದರೆ?" ಎಂಬುದು ಎಲ್ಲರೂ ಎತ್ತುವ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಆದರೆ ಎದೆ ಹಿಡಿದುಕೊಂಡವನು ಸ್ಟಿಯರಿಂಗು ಹಿಡಿಯಲಾರ. ಮಕ್ಕಳು ಪರದೇಶದಲ್ಲಿರುವ ಮನೆಯಲ್ಲಿ ಆಗ ಕಾರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಲಸಕ್ಕೆ ಬರುವುದು 108, ಪಕ್ಕದ ಮನೆಯವರ ಸ್ನೇಹ, ಹತ್ತಿರದ ಆಸ್ಪತ್ರೆಯ ಆಂಬುಲೆನ್ಸಿನ ನಂಬರು. ಮೂರಕ್ಕೂ ಸಾಲ ಬೇಕಿಲ್ಲ.

ಇಷ್ಟರಲ್ಲಿ ಮನೆಯ ಯಜಮಾನತಿಯನ್ನು ಎಲ್ಲರೂ ಮರೆತಿರುತ್ತಾರೆ. ಆ ಪೀಳಿಗೆಯ ಎಷ್ಟೋ ಹೆಂಗಸರಿಗೆ ಕಾರು ಓಡಿಸಲು ಬಾರದು. ಕಾರು ಹೊರಡುವುದು ಯಜಮಾನರಿಗೆ ಮನಸ್ಸಾದಾಗ, ಅವರ ಬೆನ್ನುನೋವು ಇಳಿದಾಗ, ಹೋದ ಕಡೆ ನಿಲ್ಲಿಸಲು ಜಾಗ ಇದ್ದೀತೆಂಬ ಭರವಸೆ ಹುಟ್ಟಿದಾಗ. ರಾಹುಕಾಲದಲ್ಲಿ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಬೇಕೆಂದವಳು, ಬಸವನಗುಡಿಯ ತಂಗಿಯನ್ನು ನೋಡಬೇಕೆಂದವಳು, ಈ ಮೂರೂ ಕೂಡಿಬರುವ ಮುಹೂರ್ತಕ್ಕೆ ಕಾಯಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಕೊಡುವ ಅಗತ್ಯವಿಲ್ಲವಾಯಿತು. ಆದರೂ "ಕಾರಿಟ್ಟುಕೊಂಡು ನಮ್ಮ ಮನೆಯವರು ಬಸ್ಸು ಹತ್ತುವುದೇ?" ಎಂಬ ಮರ್ಯಾದೆಯ ಮಾತು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಗಂಡನ ಮರ್ಯಾದೆ ಕಾಯುವುದಕ್ಕಾಗಿ ಹೆಂಡತಿ ಮನೆ ಕಾಯಬೇಕೆ? ಇದಕ್ಕಿಂತ ದುಬಾರಿಯಾದ ಗಾಡಿಯನ್ನು ನಾನು ಕಾಣೆ.

ಹೀಗೆಂದ ಮಾತ್ರಕ್ಕೆ ಸರಕಾರ, ರೈಲ್ವೆಗಳನ್ನು ಬಿಟ್ಟುಕೊಟ್ಟೆನೆಂದು ಯಾರೂ ತಿಳಿಯಬಾರದು. 60 ತುಂಬಿದ ಗಂಡಸರಿಗೆ ಶೇಕಡಾ 40, 58 ತುಂಬಿದ ಹೆಂಗಸರಿಗೆ ಶೇಕಡಾ 50ರಂತೆ ರೈಲಿನಲ್ಲಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಕರೋನಾ ಹೋಯಿತು, ರೈಲುಗಳು ತುಂಬಿದವು, ರಿಯಾಯಿತಿ ಮಾತ್ರ ರೈಲಿನೊಡನೆ ಮರಳಲಿಲ್ಲ. ತಲೆಗೆ ಸಾವಿರ ರೂಪಾಯಿ ಮೂಲದರದ ಪ್ರಯಾಣಕ್ಕೆ ಮುದಿ ದಂಪತಿಗಳು ಹಿಂದೆ 1,100 ಕೊಡುತ್ತಿದ್ದರು. ಅದು 2,000 ಆಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದವರು ಹಿರಿಯರಿಗೆಂದು ಬೇರೆ ರಿಯಾಯಿತಿ ಇಡಲಿಲ್ಲ. ಕಾರು ಕೊಳ್ಳಬಲ್ಲವರಿಗೆ ಇದು ತಾಕದಿರಬಹುದು. ಆದರೆ ಖಾಸಗಿ ಕಾರ್ಖಾನೆಗಳಲ್ಲಿ ದುಡಿದು ಬಂದವರನ್ನು ನೆನೆಯಿರಿ: ಅವರ ಇಪಿಎಸ್ ಪಿಂಚಣಿಗೆ ತುಟ್ಟಿಭತ್ಯೆಯಿಲ್ಲ, 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅವರ ತಿರುಪತಿ, ಮಂತ್ರಾಲಯಗಳೆಲ್ಲ ಟಿಕೆಟ್ ಕಿಟಕಿಯಲ್ಲೇ ಮುಗಿದುಹೋಗುತ್ತವೆ. ಕಾರಿರುವ ಹಿರಿಯರು ಬಸ್ಸು ರೈಲುಗಳಿಗೆ ಬೆನ್ನು ತಿರುಗಿಸಿದ್ದರಿಂದಲೇ ಕಾರಿಲ್ಲದ ಹಿರಿಯರ ಕೂಗಿಗೆ ಬಲವಿಲ್ಲದಾಗಿದೆ. ಬಸ್‌ಸ್ಟಾಪಿನಲ್ಲಿ ಕೂರಲು ಬೆಂಚಿಲ್ಲ, ಕಾಲುದಾರಿಯ ಕಲ್ಲು ಎದ್ದಿದೆ ಎಂದು ಕೇಳಬೇಕಾದವರು ನಿವೃತ್ತ ಇಂಜಿನಿಯರುಗಳು, ಮೇಷ್ಟರುಗಳು, ಬ್ಯಾಂಕಿನ ಮ್ಯಾನೇಜರುಗಳು. ಅವರು ಕಾರಿನ ಗಾಜು ಏರಿಸಿಕೊಂಡು ಹೋಗಿಬಿಟ್ಟರೆ ಕೇಳುವವರು ಯಾರು?

ಹಾಗಾದರೆ ಮಾಡಬೇಕಾದ್ದೇನು? ನಿವೃತ್ತಿಯ ಮೊದಲ ವರ್ಷ ಹೊಸ ಗಾಡಿ ಬೇಡ. ಒಂದು ಲೆಕ್ಕದ ಪುಸ್ತಕ ಸಾಕು. ಅದರಲ್ಲಿ ನಾಲ್ಕು ಕಲಮುಗಳಿರಲಿ: ನಿತ್ಯದ ಓಡಾಟ, ಆಸ್ಪತ್ರೆ, ಬಂಧುಗಳ ಶುಭಾಶುಭ, ದೂರದ ಪ್ರಯಾಣ. ಮದುವೆಗೋ ಊರಿಗೋ ನಾಲ್ಕು ಜನ ಹೋಗಬೇಕಾದ ದಿನ ಬಾಡಿಗೆ ಕಾರು ತೆಗೆದುಕೊಳ್ಳಿ, ಅದನ್ನೂ ಬರೆಯಿರಿ. ಮನೆಯಾಕೆಯ ಓಡಾಟದ ಹಣವನ್ನು ಬೇರೆ ಎತ್ತಿಟ್ಟು ಅವರ ಕೈಗೇ ಕೊಡಿ. ಎಲ್ಲಿಗೆ, ಏಕೆ ಎಂದು ಕೇಳಬೇಡಿ. ಒಂದು ತಿಂಗಳು ಉಳಿದದ್ದು ಮುಂದಿನ ತಿಂಗಳಿಗೆ ಸೇರಲಿ. ವರ್ಷ ತುಂಬಿದ ಮೇಲೂ, ಮಂಡಿನೋವಿನಿಂದಲೋ ಮನೆ ದೂರವಾದ್ದರಿಂದಲೋ, ಕಾರೇ ಬೇಕೆಂದು ಪುಸ್ತಕ ಹೇಳಿದರೆ ಸಣ್ಣದೊಂದನ್ನು ಧಾರಾಳವಾಗಿ ಕೊಳ್ಳಿ. ಆಗ ಅದು ಅಗತ್ಯಕ್ಕೆ ಕೊಂಡ ಕಾರು. ಪಕ್ಕದ ಮನೆಯವರ ಕಣ್ಣಿಗೆ ಕೊಂಡದ್ದಲ್ಲ.

ಮೂವತ್ತು ನಲವತ್ತು ವರ್ಷ ಗಡಿಯಾರಕ್ಕೆ ಕಟ್ಟುಬಿದ್ದು ದುಡಿದವರಿಗೆ ಕಡೆಗೆ ಸಿಕ್ಕುವುದು ಬಿಡುವಾದ ಹತ್ತೋ ಹದಿನೈದೋ ವರ್ಷ, ನಡೆಯಬಲ್ಲ ಎರಡು ಕಾಲು. ಆ ವರ್ಷಗಳಲ್ಲಿ ಎಷ್ಟು ಮನೆಗಳ ಬಾಗಿಲು ತಟ್ಟಿದೆವು, ಎಷ್ಟು ಊರು ನೋಡಿದೆವು ಎಂಬುದೇ ಲೆಕ್ಕ. ಅದಕ್ಕಾಗಿ ಇಟ್ಟ ಹಣವನ್ನು ಮನೆಯ ಮುಂದೆ ಚಾದರ ಹೊದಿಸಿ ನಿಲ್ಲಿಸುವುದು ಉಳಿತಾಯವೂ ಅಲ್ಲ, ಸುಖವೂ ಅಲ್ಲ.