ಯಂತ್ರದ ತಪ್ಪನ್ನು ಕನ್ನಡದಲ್ಲಿ ತಿದ್ದಲಾಗದೇ?

2025ರ ನವೆಂಬರ್ ತಿಂಗಳಲ್ಲಿ ನಾವು ಬೀದರದ ಮಾರ್ಗವಾಗಿ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರುಗಳಿಗೆ ಹೋಗಿಬರುವ ಸಂದರ್ಭ ಒದಗಿತ್ತು. ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರು ಹಲವು ಕಾಲದಿಂದ ಕರೆಯುತ್ತಿದ್ದರು. ರಜೆ ಸಿಕ್ಕಿತು, ಹೋದೆವು. ಹೋಗುವಾಗ ಕೈಯಲ್ಲಿ ಒಂದು ಚೀಲ ಮಾತ್ರ ಇತ್ತು. ಬರುವಾಗ ಒಂದು ಚಿಂತೆಯೂ ಜತೆಗೂಡಿತು. ಅದನ್ನು ಓದುಗರ ಮುಂದಿಡುವುದಕ್ಕಾಗಿಯೇ ಈ ಬರಹ.

ನಮಗೂ ಆ ನಾಡಿಗೂ ಒಂದು ಋಣಾನುಬಂಧವಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ್ದನ್ನು ನಾವು ಯಾರೂ ಮರೆತಿಲ್ಲ. ಆದರೆ ಅದೇ ದಿನ, ಅದೇ ರಾಜ್ಯ ಪುನಸ್ಸಂಘಟನಾ ಕಾಯಿದೆಯಂತೆ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದುವೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? 2014ರಲ್ಲಿ ತೆಲಂಗಾಣವಾಯಿತು. ಈಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿ ಇವೆ. ಹೀಗೆ ನಾವು ಒಂದೇ ದಿನ ಗಡಿಯಾಚೆ ಉಳಿದವರು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯನ್ನು ಅಲ್ಲಿ ಕಂಡಾಗ ಹೊಸತೆನಿಸಲಿಲ್ಲ. ತೆಲುಗಿನ ಜಾಗದಲ್ಲಿ ಮಲೆಯಾಳವನ್ನಿಟ್ಟರೆ ಅದು ನಮ್ಮದೇ ಕತೆ.

ತಾಂಡೂರಿನಲ್ಲಿ ನಾವು ಉಳಿದ ಮನೆಯ ಯಜಮಾನರು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವವರು. ಗಡಿಯ ಈಚೆ ಶಹಾಬಾದಿ ಕಲ್ಲೆಂದು ಹೆಸರಾದ ಹಾಸುಗಲ್ಲಿನ ಬಂಧುವೇ ಅಲ್ಲಿಯ ತಾಂಡೂರು ಕಲ್ಲು. ಅವರ ಮಗಳು ಬಿ.ಎಸ್‌ಸಿ. ಓದುತ್ತಿದ್ದಾಳೆ. ಕಲ್ಲು ಹಾಸಿದ ಮಾಳಿಗೆಯ ಕೋಣೆಗೂ ತಗಡು ಹೊದಿಸಿದ ಕೋಣೆಗೂ ಹಗಲಿರುಳು ಉಷ್ಣತೆಯಲ್ಲಿ ಎಷ್ಟು ವ್ಯತ್ಯಾಸವಿದೆಯೆಂದು ಅಳೆಯುವುದು ಅವಳು ಆರಿಸಿಕೊಂಡ ಪ್ರಯೋಗ. ಆರ್ಡುಯಿನೋ ಎಂಬ ಚಿಕ್ಕ ಬೋರ್ಡು, ಉಷ್ಣತೆಯನ್ನು ತಿಳಿಸುವ ಎಲ್‌ಎಂ 35 ಎಂಬ ಕಡಲೆಯಷ್ಟು ಗಾತ್ರದ ಸಾಧನ, ಅಂಕಿಗಳನ್ನು ಬರೆದಿಟ್ಟುಕೊಳ್ಳಲು ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಮು. ಸ್ವಂತ ಮನೆಯ ಮಾಡನ್ನೇ ಪ್ರಯೋಗಶಾಲೆ ಮಾಡಿಕೊಂಡ ಆ ಹುಡುಗಿಯನ್ನು ಮೆಚ್ಚಬೇಡವೇ?

ತೊಡಕು ಬಂದದ್ದು ಬೇರೆ ಕಡೆಯಿಂದ. ವಿಂಡೋಸ್ 10ಕ್ಕೆ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಷ್ಟೆ. ಅವರ ಹಳೆಯ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಯೋಗ್ಯವಲ್ಲವೆಂದು ತಿಳಿದಾಗ, ಬಂಧುವೊಬ್ಬ ಅದರಲ್ಲಿ ಉಬುಂಟು 22.04 ಎಂಬ ಲಿನಕ್ಸನ್ನು ಹಾಕಿಕೊಟ್ಟು ಊರಿಗೆ ಹೋದ. ಅಂದಿನಿಂದ ಪ್ರಯೋಗ ನಿಂತಿತು. "ಮೊದಲ ಚಂದ ನಡೀತಿತ್ರಿ ಸರ್. ಲಿನಕ್ಸ್ ಹಾಕಿದ ಮ್ಯಾಲ ಬೋರ್ಡೇ ಕಾಣಲ್ದಂಗ ಆಗ್ಯಾದ್ರಿ," ಎಂದಳು ಹುಡುಗಿ. ವರದಿ ಒಪ್ಪಿಸಲು ಉಳಿದದ್ದು ಹತ್ತು ದಿನ. ಹೊಸ ಲ್ಯಾಪ್‌ಟಾಪು ಕೊಳ್ಳಬೇಕೆಂದರು ಕೆಲವರು. ತಂದೆಯ ಮುಖ ಕಪ್ಪಿಟ್ಟಿತು. ಇನ್ನು ಕೆಲವರು ಕೊಟ್ಟ ಸಲಹೆ ಅದಕ್ಕಿಂತ ಘೋರ: "ಅಳೆಯುವುದೇಕೆ? ಅಂದಾಜಿನ ಅಂಕಿಗಳನ್ನು ತುಂಬಿಸಿ ಬರೆದುಬಿಡು." ಯಂತ್ರದ ಒಂದು ಸಣ್ಣ ದೋಷ ಒಬ್ಬ ವಿದ್ಯಾರ್ಥಿನಿಯನ್ನು ಸುಳ್ಳಿನ ಹೊಸ್ತಿಲವರೆಗೆ ತಂದು ನಿಲ್ಲಿಸಿತ್ತು. ವಿಜ್ಞಾನವನ್ನು ಕಲಿಸುವ ಯಾರಿಗಾದರೂ ಇದಕ್ಕಿಂತ ದೊಡ್ಡ ಅಪಾಯ ಇನ್ನೇನಿದೆ?

ನಾವು ಟಿ.ಸಿ.ಎಚ್. ಮಾಡಿ ಪಾಠ ಹೇಳಲು ಬಂದವರು; ಕಂಪ್ಯೂಟರ್ ಶಾಸ್ತ್ರದ ಪಂಡಿತರಲ್ಲ. ಆದರೂ ಆ ಸಂಜೆ ಅವಳೊಂದಿಗೆ ಕುಳಿತೆವು. ಏನು ನಡೆಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಮ್ಮ ವಾದವೆಲ್ಲ ಆ ವಿವರದಲ್ಲೇ ಅಡಗಿದೆ.

ಮೊದಲ ಪ್ರಶ್ನೆ: ಬೋರ್ಡು ಯಂತ್ರಕ್ಕೆ ಕಾಣುವುದೇ ಇಲ್ಲವೋ, ಕಂಡು ಮರೆಯಾಗುವುದೋ? ಲಿನಕ್ಸು ತಾನು ಕಂಡುದನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಡಿಮೆಸೇಜ್ ಎಂಬ ಆಜ್ಞೆ ಕೊಟ್ಟರೆ ಅದನ್ನು ಓದಬಹುದು. ಓದಿದೆವು. ಬೋರ್ಡು ಬಂದದ್ದು, ಅದಕ್ಕೆ ಬಾಗಿಲು ತೆರೆದದ್ದು, ಮರುಕ್ಷಣವೇ ಬಿಆರ್‌ಎಲ್‌ಟಿಟಿವೈ ಎಂಬ ಇನ್ನೊಂದು ತಂತ್ರಾಂಶ ಬಂದು ಆ ಬೋರ್ಡನ್ನು ತನ್ನದೆಂದು ಕರೆದೊಯ್ದದ್ದು, ಎಲ್ಲವೂ ಸಾಲುಸಾಲಾಗಿ ಅಲ್ಲಿತ್ತು. ಈ ತಂತ್ರಾಂಶ ಕೆಟ್ಟದ್ದೇನಲ್ಲ. ಅಂಧರು ಬೆರಳಿನಿಂದ ಓದುವ ಬ್ರೈಲ್ ಫಲಕಗಳನ್ನು ಕಂಪ್ಯೂಟರಿಗೆ ಜೋಡಿಸುವ ಪುಣ್ಯಕಾರ್ಯ ಅದರದು. ಆದರೆ ಅಗ್ಗದ ಆರ್ಡುಯಿನೋ ಬೋರ್ಡುಗಳಲ್ಲಿರುವ ಸಿಎಚ್ 340 ಎಂಬ ಚಿಪ್ಪಿನ ಗುರುತುಸಂಖ್ಯೆಯೂ ಒಂದು ಬ್ರೈಲ್ ಸಾಧನದ ಗುರುತುಸಂಖ್ಯೆಯೂ ಒಂದೇ ಆಗಿರುವುದರಿಂದ ಅದು ಇದನ್ನು ಅದೆಂದು ಭ್ರಮಿಸುತ್ತದೆ. ಒಂದೇ ಹೆಸರಿನ ಇಬ್ಬರಿರುವ ಊರಿನಲ್ಲಿ ಅಂಚೆಯವನು ಕಾಗದವನ್ನು ಬೇರೆ ಮನೆಗೆ ಕೊಟ್ಟಂತೆ! ಆ ಮನೆಯಲ್ಲಿ ಬ್ರೈಲ್ ಬಳಸುವವರು ಇಲ್ಲವಾದ್ದರಿಂದ ಅದನ್ನು ತೆಗೆದುಹಾಕಿದೆವು. ಬಳಸುವವರಿದ್ದರೆ ಹಾಗೆ ಮಾಡಕೂಡದು. ಆ ಒಂದು ಸಂಖ್ಯೆಯ ಸಾಲನ್ನು ಮಾತ್ರ ನಿಷ್ಕ್ರಿಯಗೊಳಿಸಬೇಕು.

ಬೋರ್ಡು ಕಂಡಿತು. ಈಗ "ಅನುಮತಿ ಇಲ್ಲ" ಎಂಬ ತಗಾದೆ. ಲಿನಕ್ಸಿನಲ್ಲಿ ಇಂಥ ಬಾಗಿಲುಗಳನ್ನು ಡಯಲ್‌ಔಟ್ ಎಂಬ ಗುಂಪಿನ ಸದಸ್ಯರು ಮಾತ್ರ ತೆರೆಯಬಹುದು. ಟೆಲಿಫೋನ್ ತಂತಿಯ ಮೂಲಕ ಕಂಪ್ಯೂಟರುಗಳು ಮಾತಾಡುತ್ತಿದ್ದ ಕಾಲದ ಹೆಸರದು. ಹುಡುಗಿಯ ಹೆಸರನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಪುನಃ ಒಳಹೋದದ್ದಾಯಿತು. ಬಳಿಕ ಪೈಥಾನ್ ಪ್ರೋಗ್ರಾಮು ಮುನಿಯಿತು. ವಿಂಡೋಸಿನಲ್ಲಿ ಕಾಮ್ 3 ಎಂದು ಕರೆಸಿಕೊಳ್ಳುತ್ತಿದ್ದ ಬಾಗಿಲಿಗೆ ಲಿನಕ್ಸಿನಲ್ಲಿ ಬೇರೆಯೇ ಹೆಸರು, ಅದನ್ನು ಬದಲಿಸಿದೆವು. ಆಮೇಲೆ ಹಳೆಯ ಅಂಕಿಗಳ ಕಡತ ಸಿಗದು! ಕಡತದ ಹೆಸರಿನ ಮೊದಲಕ್ಷರ ಇಂಗ್ಲಿಷಿನ ದೊಡ್ಡಕ್ಷರ, ಪ್ರೋಗ್ರಾಮಿನಲ್ಲಿ ಬರೆದದ್ದು ಸಣ್ಣಕ್ಷರ. ವಿಂಡೋಸು ಎರಡನ್ನೂ ಒಂದೇ ಎಂದು ಬಗೆಯುತ್ತದೆ, ಲಿನಕ್ಸು ಬೇರೆಬೇರೆ ಎನ್ನುತ್ತದೆ. ದೊಡ್ಡಕ್ಷರ, ಸಣ್ಣಕ್ಷರವೆಂಬ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಕ್ಕಳು ಇಲ್ಲಿ ಎಡವುವುದು ಸಹಜವೇ.

ಕೊನೆಯ ತೊಡಕು ಅಜ್ಜಿಯಿಂದ ಬಂತು. ಕನ್ನಡ ಓದಬಲ್ಲ ಆ ಮುದುಕಿ "ನಮ್ಮ ಮನಿ ಬಿಸಿಲಿನ ಲೆಕ್ಕ ನನಗೂ ತಿಳೀಲಿ," ಎಂದರು. ಮೊಮ್ಮಗಳು ನಕ್ಷೆಗೆ ಕನ್ನಡದಲ್ಲಿ ಹೆಸರಿಟ್ಟಳು. ಬಂದದ್ದು ಖಾಲಿ ಚೌಕಗಳ ಸಾಲು. ಕನ್ನಡದ ಅಕ್ಷರವಿನ್ಯಾಸವನ್ನು ಸೂಚಿಸಿದಾಗ ಅಕ್ಷರಗಳೇನೋ ಬಂದುವು. ಆದರೆ ಒತ್ತಕ್ಷರಗಳು ಒಂದು ಕಡೆ, ಮೂಲಾಕ್ಷರಗಳು ಇನ್ನೊಂದು ಕಡೆ. ಅವಳು ಬಳಸುತ್ತಿದ್ದ ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಕನ್ನಡದ ಒತ್ತು ಜೋಡಿಸುವ ವಿದ್ಯೆ ಬಾರದು. ಅದೇ ಅಂಕಿಗಳನ್ನು ಲಿಬ್ರೆ ಆಫೀಸಿಗೆ ಹಾಕಿದೆವು. "ಕಲ್ಲಿನ ಮಾಳಿಗಿ" ಎಂಬ ಎರಡು ಪದ ಒತ್ತುಸಹಿತ ನೆಟ್ಟಗೆ ಮೂಡಿತು. ಅಜ್ಜಿ ಕನ್ನಡಕವೇರಿಸಿ ಓದಿದರು. ಆಗ ರಾತ್ರಿ ಹತ್ತು ದಾಟಿತ್ತು.

ಇದನ್ನೆಲ್ಲ ಹೇಳಿದ್ದು ಬೆನ್ನು ತಟ್ಟಿಸಿಕೊಳ್ಳಲಿಕ್ಕಲ್ಲ. ಇದರಲ್ಲಿ ಒಂದೂ ನಮ್ಮ ಸಂಶೋಧನೆಯಲ್ಲ. ಎಲ್ಲವೂ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಒಬ್ಬರಿಂದ ಒಬ್ಬರು ಕಲಿತದ್ದು. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಮೊದಲಾಯಿತು. ಆ ದಶಕದಲ್ಲೇ ಪ್ರೌಢಶಾಲೆಗಳು ವಿಂಡೋಸನ್ನು ಬಿಟ್ಟು ಲಿನಕ್ಸಿಗೆ ಬಂದುವು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. 2025ರಲ್ಲಿ ಹತ್ತನೆಯ ತರಗತಿಯ ಪಠ್ಯಕ್ಕೆ ರೋಬೋಟಿಕ್ಸ್ ಕೂಡ ಸೇರಿತು. ಜಿಯೋಜಿಬ್ರಾದಲ್ಲಿ ತ್ರಿಕೋನ ಎಳೆಯುವುದು, ಆರ್ಡುಯಿನೋದಲ್ಲಿ ದೀಪ ಉರಿಸುವುದು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಪರಿಚಿತವೇ. ಭಾಷೆಯ ವಿಷಯದಲ್ಲಿ ನಮಗೆ ಆಗಿರುವ ಅನ್ಯಾಯಗಳನ್ನು ಹೇಳುತ್ತ ಹೋದರೆ ಈ ಪುಟ ಸಾಲದು. ಆದರೆ ಈ ಒಂದು ವಿಷಯದಲ್ಲಿ ಭಾರತದ ಕನ್ನಡಿಗರಲ್ಲೇ ದೀರ್ಘಕಾಲದ ಅನುಭವ ನಮಗಿದೆಯೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಆ ಅನುಭವ ಎಲ್ಲಿದೆ? ತರಬೇತಿಯೊಂದರ ನೆನಪಾಗುತ್ತದೆ. ಉಪನ್ಯಾಸವೆಲ್ಲ ಮಲೆಯಾಳದಲ್ಲಿ. ಹಿಂದಿನ ಬೆಂಚಿನ ನಾವು ಕೆಲವು ಕನ್ನಡ ಅಧ್ಯಾಪಕರು ಊಟದ ಬಿಡುವಿನಲ್ಲಿ ಒಟ್ಟುಗೂಡಿ, ಅರ್ಥವಾದಷ್ಟನ್ನು ಒಬ್ಬರಿಗೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳಿಕೊಂಡೆವು. ಹಾಗೆ ಬಿಡಿಸಿಕೊಂಡದ್ದು ಹಳೆಯ ಪುಸ್ತಕಗಳ ಬೆನ್ನಿನಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ, ಹೆಚ್ಚಿನಂಶ ತಲೆಯಲ್ಲಿ ಉಳಿಯಿತು. ಒಬ್ಬ ಅಧ್ಯಾಪಕರು ನಿವೃತ್ತರಾದರೆ ಆ ವಿದ್ಯೆಯೂ ಅವರೊಡನೆ ಮನೆಗೆ ಹೋಗುತ್ತದೆ. ತಾಂಡೂರಿನ ಹುಡುಗಿಗೆ ಬೇಕಾದದ್ದು ಕಾಸರಗೋಡಿನಲ್ಲಿ ಇತ್ತು. ಆದರೆ ಕಾಗದದ ಮೇಲೆ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ದೋಷದ ಸೂಚನೆ ಬರುವುದೇ ಇಂಗ್ಲಿಷಿನಲ್ಲಿ, ಪರಿಹಾರವೂ ಇಂಗ್ಲಿಷಿನಲ್ಲಿ ಬೇಕಷ್ಟು ಸಿಗುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳೂ ಬಂದಿವೆ, ಕನ್ನಡವೇಕೆ ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಆ ಹುಡುಗಿಯೂ ಇಂಗ್ಲಿಷಿನಲ್ಲೇ ಹುಡುಕಿದ್ದಳು. "ಬೋರ್ಡು ಕೆಲಸ ಮಾಡುತ್ತಿಲ್ಲ" ಎಂದು ಕೇಳಿದಳು. ನೂರು ಉತ್ತರ ಬಂದು, ಯಾವುದನ್ನು ನಂಬಬೇಕೆಂದು ತಿಳಿಯದೆ ಕೈಬಿಟ್ಟಳು. ಅವಳಿಗೆ ಕೊರತೆಯಾದದ್ದು ಉತ್ತರವಲ್ಲ, ಕೇಳುವ ಕ್ರಮ. ಕಂಡಿತೇ? ಕಂಡರೆ ಅನುಮತಿ ಇದೆಯೇ? ಇದ್ದರೆ ಹೆಸರು ಸರಿಯೇ? ಹೆಸರು ಸರಿಯಾದರೆ ಕಡತ ಸಿಕ್ಕಿತೇ? ಒಮ್ಮೆಗೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು. ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ವಿಜ್ಞಾನಕ್ರಮವೇ ಇದು. ವೈದ್ಯನು ನಾಡಿ ನೋಡುವುದೂ ಹೀಗೆಯೇ. ಸೂಚನೆ ಇಂಗ್ಲಿಷಿನಲ್ಲೇ ಇರಲಿ, ಆಲೋಚನೆಯ ಕ್ರಮ ತಾಯ್ನುಡಿಯಲ್ಲಿ ಸಿಕ್ಕರೆ ಮಗುವಿಗೆ ಧೈರ್ಯ ಬರುತ್ತದೆ. ಹಾಗೆ ಕ್ರಮವರಿತವನು ಯಾವ ಭಾಷೆಯಲ್ಲಿ ಬೇಕಾದರೂ ಸರಿಯಾದ ಪ್ರಶ್ನೆ ಕೇಳಿಯಾನು.

ಭಾಷೆ ತಡೆಯಾಗದಿದ್ದರೆ ಯಂತ್ರ ಯಾರಿಗೂ ದೂರವಲ್ಲ. ಜಹೀರಾಬಾದಿನ ಸಮೀಪದ ಮಾಚನೂರಿನಲ್ಲಿ ದಲಿತ ಮಹಿಳೆಯರು 2008ರಿಂದ ಸಂಘಂ ರೇಡಿಯೋವನ್ನು ನಡೆಸಿದವರು. ಹೊಲದಲ್ಲಿ ದುಡಿಯುವ ಕೈಗಳೇ ಧ್ವನಿಮುದ್ರಣದ ಯಂತ್ರವನ್ನೂ ಪಳಗಿಸಿದುವು, ತಮ್ಮ ಆಡುಮಾತಿನಲ್ಲಿಯೇ. ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಪ್ರಮುಖರಾದ ಕೆ. ಪಿ. ರಾವ್ ನಮ್ಮ ಕರಾವಳಿಯ ಕಿನ್ನಿಕಂಬಳದವರೇ. ಅವರ ಕೀಲಿಮಣೆ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಸಿದ್ಧವಾಗಿಯೇ ಇದೆ. ಸಾಮಗ್ರಿಗೆ ಕೊರತೆಯಿಲ್ಲ, ಮನಸ್ಸಿಗೆ ಕೊರತೆ.

ಲಿನಕ್ಸನ್ನು ಹೊಗಳುವ ಮಿತ್ರರಿಗೂ ಒಂದು ಮಾತು. ಪುಕ್ಕಟೆ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ನಿಜ. ಆದರೆ ಎಮ್ಮೆ ಕೊಟ್ಟವನು ಅದು ಹಾಲು ಕೊಡದಿದ್ದಾಗ ಏನು ಮಾಡಬೇಕೆಂದು ಒಂದು ಮಾತು ಹೇಳಿ ಹೋಗಬೇಡವೇ? ಬಡವರ ಮನೆಯಲ್ಲಿ ಯಂತ್ರ ಬದಲಿಸುವ ಯಾರೇ ಆಗಲಿ, ಬದಲಿಸಿದ ಬಳಿಕ ಒಂದು ವಾರವಾದರೂ ಕರೆದರೆ ಸಿಗುವಂತಿರಬೇಕು.

ಆದುದರಿಂದ ನಮ್ಮ ಸೂಚನೆ ಇಷ್ಟು. ಕಾಸರಗೋಡು, ಮಂಜೇಶ್ವರ ಕಡೆಯ ಪ್ರತಿಯೊಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ಐಟಿ ಸಂಯೋಜಕರು ಒಂದು ನೂರು ಪುಟದ ಪುಸ್ತಕವನ್ನಿಡಲಿ. ದೋಷ ಏನು, ಯಂತ್ರ ಹೇಳಿದ್ದೇನು, ಕಾರಣವೇನು, ಮಾಡಿದ್ದೇನು ಎಂದು ನಾಲ್ಕು ಕಾಲಂ ಹಾಕಿ ಬರೆಯಲಿ. ಬರುವ ಬೇಸಗೆ ರಜೆಯಲ್ಲಿ ಎರಡು ದಿನ ಒಟ್ಟು ಕುಳಿತರೆ ನಲವತ್ತು ಪುಟದ ಕೈಪಿಡಿಯಾದೀತು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಅದನ್ನು ಅಚ್ಚು ಹಾಕಿಸಿ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಂತಹ ಊರುಗಳ ಕನ್ನಡ ಮನೆಗಳಿಗೆ ಮುಟ್ಟಿಸುವುದು ಅಸಾಧ್ಯವೇ? ಭಾಷಣ, ಸನ್ಮಾನ, ಮೆರವಣಿಗೆಗಳು ಬೇಡವೆನ್ನುವವರು ನಾವಲ್ಲ. ಆದರೆ ಒಂದು ಸಮ್ಮೇಳನದ ಹಾರದ ಖರ್ಚಿನಲ್ಲಿ ಆಗಬಹುದಾದ ಕೆಲಸವಿದು.

ನಾವು ತಾಂಡೂರಿನಿಂದ ಹೊರಟ ದಿನ ಬೆಳಿಗ್ಗೆ ಆ ಹುಡುಗಿ ಒಂದು ಹಾಳೆ ತಂದು ತೋರಿಸಿದಳು. ಹಿಂದಿನ ರಾತ್ರಿ ನಡೆದುದನ್ನೆಲ್ಲ ಕ್ರಮವಾಗಿ ಕನ್ನಡದಲ್ಲಿ ಬರೆದಿದ್ದಳು, ಅಲ್ಲಲ್ಲಿ ತೆಲುಗಕ್ಷರ ಬೆರೆತು. ಗೆಳತಿಗೆ ಕೊಡಲಿಕ್ಕೆಂದಳು, ಅವಳ ಯಂತ್ರಕ್ಕೂ ಇದೇ ಕಾಯಿಲೆಯಂತೆ. ಕೈಪಿಡಿಯ ಮೊದಲ ಪುಟವನ್ನು ತಾಂಡೂರು ಬರೆದಾಯಿತು. ಉಳಿದ ಮೂವತ್ತೊಂಬತ್ತನ್ನು ಬರೆಯುವ ಹೊಣೆ ನಮ್ಮದಲ್ಲವೇ?