ರಷ್ಯಾ ಪ್ರವಾಸವೂ ಉಂಡ ಮನೆಯ ಜಂತೆಗಳೂ

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಬೀಗರ ಮನೆಯಲ್ಲಿ ಈ ಮಾತು ಶೋಭಿಸುವುದು, ಪ್ರವಾಸಗ್ರಂಥದಲ್ಲಿ ಶೋಭಿಸದು. ಬೀಗರ ಮನೆಯ ಜಂತೆಗೆ ಹುಳು ಹತ್ತಿದರೆ ಅದರ ಕಷ್ಟ ಬೀಗರದೇ ಸರಿ. ಪರದೇಶದಿಂದ ಹಿಂದಿರುಗಿದವನು ಕಂಡದ್ದನ್ನು ಮುಚ್ಚಿಟ್ಟು ಉಂಡದ್ದನ್ನು ಮಾತ್ರ ಬರೆದನಾದರೆ, ಅವನ ಮಾತನ್ನು ನಂಬಿ ಹೊರಡುವ ಮುಂದಿನವನ ತಲೆಯ ಮೇಲೆ ಆ ಜಂತೆ ಮುರಿದು ಬೀಳುವುದು. ರಷ್ಯಾ ದೇಶದ ವಿಷಯದಲ್ಲಿ ನಾವು ಕನ್ನಡಿಗರು ಬಹುಕಾಲದಿಂದ ಈ ಬೀಗರ ಮರ್ಯಾದೆಯನ್ನೇ ಪಾಲಿಸುತ್ತ ಬಂದಿದ್ದೇವೆ. ಇನ್ನು ಸಾಕೆಂದು ಹೇಳುವುದೇ ಈ ಬರಹದ ಉದ್ದೇಶ.

ಇದಕ್ಕೆ ಈಗ ಏಕೆ ಅವಸರವೆಂದು ವಾಚಕರು ಕೇಳಬಹುದು. ೨೦೨೩ನೆಯ ಆಗಸ್ಟ್ ತಿಂಗಳಿನಿಂದ ಭಾರತೀಯರು ರಾಯಭಾರ ಕಚೇರಿಯ ಬಾಗಿಲು ಕಾಯದೆ ಮನೆಯಲ್ಲಿಯೇ ಕುಳಿತು ರಷ್ಯಾ ಪ್ರವೇಶದ ಅನುಮತಿಯನ್ನು ಪಡೆಯಬಹುದಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವಿದ್ಯಾವಂತ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಸಂಪಾದಿಸುತ್ತಿದ್ದಾರೆ. ತಂದೆತಾಯಿಗಳನ್ನು ಕಾಶಿಗೆ ಕಳುಹಿಸುತ್ತಿದ್ದವರು ಈಗ ಮಾಸ್ಕೋಗೂ ಕಳುಹಿಸಬಲ್ಲರು. ಸಂತೋಷವೇ. ಆದರೆ ಹೋಗಿ ಬಂದವರ ಬಾಯಿಂದ ಹೊರಡುವುದೇನು? ನೆಲದಡಿಯ ರೈಲು ನಿಲ್ದಾಣಗಳು ಅರಮನೆಗಳಂತಿವೆ, ಹರ್ಮಿಟೇಜಿನ ಚಿತ್ರಶಾಲೆಯನ್ನು ನೋಡಲು ಒಂದು ಜನ್ಮ ಸಾಲದು, ಹಿಮವು ಹಾಲಿನಂತಿದೆ, ಜನರು ಹಿಂದೀ ಸಿನಿಮಾದ ಹಾಡನ್ನು ಗುನುಗುತ್ತಾರೆ. ಇಷ್ಟನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಇನ್ನೊಂದು ಗುಂಪು ಯುದ್ಧ ಹೂಡಿದ ದೇಶದಲ್ಲಿ ಕಾಲಿಡುವುದೇ ಪಾಪವೆಂದು ಮೊಗಸಾಲೆಯಲ್ಲಿ ಕುಳಿತು ತೀರ್ಪು ಕೊಡುತ್ತದೆ. ಎರಡನೆಯವರೊಡನೆ ನನ್ನ ಜಗಳ ಸಣ್ಣದು: ನೋಡದವನು ಬೈಯುವುದಕ್ಕೆ ಬೆಲೆಯಿಲ್ಲ. ಮೊದಲನೆಯವರೊಡನೆ ದೊಡ್ಡದು, ಏಕೆಂದರೆ ಅವರು ನೋಡಿ ಬಂದವರು.

ಈ ಅಭ್ಯಾಸ ಇಂದಿನದಲ್ಲ. ಒಂದು ಕಾಲದಲ್ಲಿ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ನಮ್ಮ ಊರುಗಳ ಮನೆಗಳಿಗೆ ಬರುತ್ತಿತ್ತು. ಅದರ ನುಣುಪಾದ ಹಾಳೆಗಳು ಮಕ್ಕಳ ಪಠ್ಯಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದವು. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುತ್ತಿದ್ದವು. ಆ ಪುಸ್ತಕಗಳಿಂದ ನಮಗೆ ಟಾಲ್‌ಸ್ಟಾಯ್, ಚೆಕಾವ್, ಗಾರ್ಕಿ ಹತ್ತಿರವಾದರು; ಆ ಋಣವನ್ನು ನಾನು ಅಲ್ಲಗಳೆಯಲಾರೆ. ಲೇಖಕರು ಅತಿಥಿಗಳಾಗಿ ಹೋದರು, ಬಂದು ಬರೆದರು. ಜಿ. ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ ಆ ಕಾಲದ ಪ್ರಸಿದ್ಧ ಗ್ರಂಥ. ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿಯೂ ದೊರೆಯಿತು. ತಾವು ನೋಡಿದ್ದು ಇಪ್ಪತ್ತೆರಡೇ ದಿನವೆಂದು ಹೆಸರಿನಲ್ಲಿಯೇ ಹೇಳಿಕೊಂಡದ್ದು ಆ ಕವಿಯ ಪ್ರಾಮಾಣಿಕತೆ. ನನ್ನ ಆಕ್ಷೇಪಣೆ ಕವಿಯ ಮೇಲಲ್ಲ, ಏರ್ಪಾಟಿನ ಮೇಲೆ. ಊಟವಿಟ್ಟವರ ಪತ್ರಿಕೆಯ ಹೆಸರಿನಲ್ಲಿಯೇ ಉಂಡವರ ಬರಹಕ್ಕೆ ಬಹುಮಾನವೂ ಬರುವ ಏರ್ಪಾಟಿನಲ್ಲಿ ಜಂತೆಯ ಕಡೆಗೆ ಕತ್ತೆತ್ತುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ವಿದೇಶೀ ಪ್ರವಾಸಿಗಳ ಯೋಗಕ್ಷೇಮಕ್ಕೆಂದು ಆ ಸರ್ಕಾರವು ೧೯೨೯ರಲ್ಲಿಯೇ ‘ಇಂತೂರಿಸ್ತ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತ್ತು. ಹೋಟೆಲು, ಗಾಡಿ, ದುಭಾಷಿ, ದಿನಚರಿ ಎಲ್ಲವೂ ಅದರ ಕೈಯಲ್ಲಿ. ಗಾರ್ಕಿಯ ಹೆಸರನ್ನು ಹೊತ್ತಿದ್ದ ಪಟ್ಟಣಕ್ಕೇ ಬಹುಕಾಲ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ವ್ಲಾದಿವೊಸ್ತೋಕ್ ಬಂದರು ೧೯೯೨ರವರೆಗೆ ಅವರಿಗೆ ಮುಚ್ಚಿತ್ತು. ಗಾರ್ಕಿಯನ್ನು ಓದಿ ಕಣ್ಣೀರಿಟ್ಟ ಕನ್ನಡಿಗನು ಗಾರ್ಕಿಯ ಊರನ್ನು ನೋಡುವಂತಿರಲಿಲ್ಲವೆಂಬುದನ್ನು ನಮಗೆ ಎಷ್ಟು ಜನ ಹೇಳಿದರು?

ಅತಿಥಿಯ ಕಣ್ಣಿಗೂ ಪಥಿಕನ ಕಣ್ಣಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ೧೯೩೩ನೆಯ ವರ್ಷವೊಂದನ್ನು ನೋಡಿದರೆ ಸಾಕು. ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಕಾಲವದು. ಗ್ಯಾರೆತ್ ಜೋನ್ಸ್ ಎಂಬ ವೇಲ್ಸ್ ದೇಶದ ತರುಣ ಪತ್ರಕರ್ತನು ಆ ವರ್ಷದ ಮಾರ್ಚಿಯಲ್ಲಿ ಮಾಸ್ಕೋದಿಂದ ರೈಲು ಹತ್ತಿ, ಖಾರ್ಕಿವ್ ತಲಪುವ ಮೊದಲೇ ಇಳಿದು, ಹಳ್ಳಿಯಿಂದ ಹಳ್ಳಿಗೆ ನಡೆದನು. ರೈತರ ಗುಡಿಸಲುಗಳಲ್ಲಿ ಮಲಗಿದನು. ರೊಟ್ಟಿಯಿಲ್ಲವೆಂಬ ಕೂಗನ್ನು ಕಿವಿಯಾರ ಕೇಳಿ, ಬರ್ಲಿನ್ನಿಗೆ ಬಂದು ಅದನ್ನು ಜಗತ್ತಿಗೆ ಸಾರಿದನು. ಮಾಸ್ಕೋದಲ್ಲಿಯೇ ನೆಲೆಸಿದ್ದ, ಹಿಂದಿನ ವರ್ಷ ಪುಲಿಟ್ಜರ್ ಬಹುಮಾನ ಪಡೆದಿದ್ದ ಅಮೆರಿಕದ ಪತ್ರಿಕೆಯೊಂದರ ಬಾತ್ಮೀದಾರ ವಾಲ್ಟರ್ ಡುರಾಂಟಿಯು ಕೆಲವೇ ದಿನಗಳಲ್ಲಿ ಅದನ್ನು ಅಲ್ಲಗಳೆದನು. ಅದೇ ವರ್ಷ ಬೇಸಗೆಯ ಕೊನೆಯಲ್ಲಿ ಫ್ರಾನ್ಸಿನ ಮಾಜಿ ಪ್ರಧಾನಿ ಎಡುವಾರ್ ಎರಿಯೋ ಸರ್ಕಾರದ ಅತಿಥಿಯಾಗಿ ಉಕ್ರೇನನ್ನು ಸುತ್ತಿ, ಆ ನಾಡು ಹಣ್ಣುಬಿಟ್ಟ ತೋಟದಂತಿದೆ ಎಂಬರ್ಥದ ಮಾತನ್ನಾಡಿ ಹಿಂದಿರುಗಿದನು. ಎರಿಯೋ ಸುಳ್ಳುಗಾರನಲ್ಲ, ಮೂರ್ಖನೂ ಅಲ್ಲ. ಅವನಿಗೆ ತೋರಿಸಿದ್ದು ತೋಟ. ಅವನು ತೋಟವನ್ನೇ ಕಂಡನು.

ಹಾಗಾದರೆ ಅತಿಥಿಯಾದವನು ಜಂತೆ ಎಣಿಸಲಾರನೆ? ಎಣಿಸಬಲ್ಲನು, ಎಣಿಸಿದವರೂ ಉಂಟು. ಆಂದ್ರೆ ಜೀದ್ ಎಂಬ ಫ್ರೆಂಚ್ ಸಾಹಿತಿಯು ೧೯೩೬ರಲ್ಲಿ ರಾಜೋಪಚಾರವನ್ನು ಪಡೆದು, ಅದೇ ವರ್ಷ ತನ್ನ ಸಂದೇಹಗಳನ್ನು ಅಚ್ಚು ಹಾಕಿಸಿ, ನಿನ್ನೆಯವರೆಗೆ ಹೊಗಳುತ್ತಿದ್ದ ಮಿತ್ರರಿಂದಲೇ ಬೈಸಿಕೊಂಡನು. ನಮ್ಮವರೇ ಆದ ರವೀಂದ್ರರ ಉದಾಹರಣೆ ಅದಕ್ಕಿಂತಲೂ ಮೇಲಾದದ್ದು. ೧೯೩೦ನೆಯ ಸೆಪ್ಟೆಂಬರಿನಲ್ಲಿ ಅವರು ಎರಡು ವಾರ ಮಾಸ್ಕೋದಲ್ಲಿದ್ದರು. ಬಡ ರೈತನ ಮಕ್ಕಳಿಗೆ ದೊರೆಯುತ್ತಿದ್ದ ವಿದ್ಯೆಯನ್ನು ಕಂಡು ಅವರ ಹೃದಯ ತುಂಬಿ ಬಂದಿತು. ಅದನ್ನು ಮುಚ್ಚದೆ ಬರೆದರು. ಹೊರಡುವ ದಿನ ‘ಇಜ್ವೆಸ್ತಿಯಾ’ ಪತ್ರಿಕೆಯವರಿಗೆ ಕೊಟ್ಟ ಸಂದರ್ಶನದಲ್ಲಿ, ದ್ವೇಷವನ್ನು ಬೋಧಿಸುವುದೂ ಭಿನ್ನಮತವನ್ನು ಅದುಮುವುದೂ ಕೊನೆಗೆ ನಿಮ್ಮ ಕೆಲಸವನ್ನೇ ಕೆಡಿಸುವುದೆಂದು ಮುಖಕ್ಕೆ ಮುಖ ಹೇಳಿದರು. ಆ ಪತ್ರಿಕೆ ಅದನ್ನು ಅಚ್ಚು ಹಾಕಿದ್ದು ೧೯೮೮ರಲ್ಲಿ. ಐವತ್ತೆಂಟು ವರ್ಷಗಳ ಮೇಲೆ! ಇತ್ತ ನಮ್ಮನ್ನಾಳುತ್ತಿದ್ದ ಬ್ರಿಟಿಷ್ ಸರ್ಕಾರವು, ಅವರ ರಷ್ಯಾ ಪತ್ರಗಳ ಇಂಗ್ಲಿಷ್ ಅನುವಾದವನ್ನು ‘ಮಾಡರ್ನ್ ರಿವ್ಯೂ’ ಮುಂದುವರಿಸಿ ಪ್ರಕಟಿಸಕೂಡದೆಂದು ೧೯೩೪ರಲ್ಲಿ ತಡೆಯಿತು. ಹೊಗಳಿಕೆಗೆ ಒಂದು ಸರ್ಕಾರ ಹೆದರಿತು, ಎಚ್ಚರಿಕೆಗೆ ಇನ್ನೊಂದು. ಇಬ್ಬರಿಗೂ ಬೇಡವಾದ ಬರಹವನ್ನು ಬರೆದು ಬಂದ ಪ್ರವಾಸಿಯ ಮುಂದೆ ನಮ್ಮ ಇಂದಿನ ಫೋಟೋಗಾರರು ನಿಲ್ಲಲಿ ನೋಡೋಣ.

ಇನ್ನು ನಮ್ಮ ಮನೆಯ ಜಂತೆಗಳನ್ನು ರಷ್ಯನ್ನನೊಬ್ಬನು ಎಣಿಸಿದ ಕಥೆ. ಕ್ರಿಸ್ತಶಕ ೧೪೭೦ರ ಆಸುಪಾಸಿನಲ್ಲಿ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ನಮ್ಮ ಬೀದರಿಗೆ ಬಂದನು. ಅವನಿಗೆ ದುಭಾಷಿಯೂ ಇಲ್ಲ, ಆತಿಥ್ಯವೂ ಇಲ್ಲ. ಇದ್ದದ್ದು ಮಾರಲು ತಂದ ಒಂದು ಕುದುರೆ. ಜುನ್ನಾರಿನ ಖಾನನು ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುವೆನೆಂದನು. ಖುರಾಸಾನಿನವನೊಬ್ಬ ಅಡ್ಡಬಂದು ಬಿಡಿಸಿದನು. ಹೀಗೆ ಕೈ ಸುಟ್ಟುಕೊಂಡವನಾದರೂ ನಿಕಿತಿನ್ ನಮ್ಮ ನಾಡನ್ನು ಬೈಯುವುದಕ್ಕಾಗಿ ಬೈಯಲಿಲ್ಲ. ಬಹಮನಿ ಸುಲ್ತಾನನ ಮೆರವಣಿಗೆಯ ಆನೆ, ಕುದುರೆ, ಚಿನ್ನಗಳನ್ನು ಲೆಕ್ಕ ಹಾಕಿ ಬರೆದನು. ಶ್ರೀಮಂತರು ಬೆಳ್ಳಿಯ ಮಂಚಗಳ ಮೇಲೆ ಹೊರಿಸಿಕೊಂಡು ಹೋಗುತ್ತಿರಲು ಹಳ್ಳಿಯ ಜನ ಬಡತನದಲ್ಲಿ ಬೆಂದಿದ್ದುದನ್ನೂ ಬರೆದನು. ತನ್ನ ದೇಶಕ್ಕೆ ಒಯ್ಯಬಹುದಾದ ಸರಕು ಇಲ್ಲಿ ಹೆಚ್ಚೇನಿಲ್ಲ, ನನಗೆ ಹೇಳಿದವರು ಮೋಸ ಮಾಡಿದರೆಂದು ಮುಂದಿನ ವರ್ತಕರನ್ನು ಎಚ್ಚರಿಸಿದನು. ಊರು ಸೇರುವ ಮೊದಲೇ, ಸ್ಮೊಲೆನ್ಸ್ಕಿನ ಬಳಿಯಲ್ಲಿ ಸತ್ತನೆಂದು ಹೇಳುತ್ತಾರೆ. ಇಂದು ಬಹಮನಿ ಕಾಲದ ಚರಿತ್ರೆಯನ್ನು ಬರೆಯುವವರಿಗೆ ಆಸ್ಥಾನದ ಹೊಗಳುಭಟರು ಹೇಳದ ಸಂಗತಿ ಬೇಕಾದರೆ ಈ ಕುದುರೆ ವರ್ತಕನ ಬಳಿಗೆ ಹೋಗುವರು. ನಮ್ಮ ಬಡತನವನ್ನು ಬರೆದನೆಂದು ಅವನ ಮೇಲೆ ಯಾವ ಕನ್ನಡಿಗನೂ ಮುನಿಸಿಕೊಂಡಿಲ್ಲ.

ಮುನಿಸಿಕೊಳ್ಳುವ ಹಕ್ಕು ನಮಗೆ ಎಲ್ಲಿದೆ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬರುವ ವಿದೇಶೀಯನಿಗೆ ನಾವು ತೋರಿಸುವ ಚನ್ನಪಟ್ಟಣವಾದರೂ ಯಾವುದು? ದಾರಿಯ ಬದಿಯ ಅಂಗಡಿ, ಸಾಲುಸಾಲು ಬಣ್ಣದ ಬೊಂಬೆಗಳು. ಆಲೆಮರದ ತುಂಡನ್ನು ಕಡೆದು, ಅರಗು ಹಿಡಿದು, ತಾಳೆಗರಿಯಿಂದ ಮೆರುಗು ಕೊಡುವವನ ಮನೆ ಯಾವ ಗಲ್ಲಿಯಲ್ಲಿದೆ, ದಿನಕ್ಕೆ ಅವನ ಕೈಗೆ ಎಷ್ಟು ಉಳಿಯುತ್ತದೆ, ಮರದ ದೂಳು ಅವನ ಎದೆಗೆ ಏನು ಮಾಡುತ್ತದೆ ಎಂದು ಕೇಳುವ ಪ್ರವಾಸಿ ನಮಗೆ ಅಪರೂಪ. ಕೇಳಿದರೆ ನಮಗೇ ಇರುಸುಮುರುಸು. ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆಯೆಂದು ಹೇಳಿ ಮಾತು ತಿರುಗಿಸುತ್ತೇವೆ. ಮಾಸ್ಕೋದವರು ನಮಗಿಂತ ಕೆಟ್ಟವರೇನೂ ಅಲ್ಲ. ನಾವು ಅಂಗಡಿ ತೋರಿಸುವಂತೆ ಅವರೂ ಅಂಗಡಿ ತೋರಿಸುತ್ತಾರೆ. ಗಲ್ಲಿಗೆ ಹೋಗುವುದು ಪ್ರವಾಸಿಯ ಕೆಲಸ.

ಗಲ್ಲಿಗೆ ಹೋಗಲು ಮೊದಲು ಅಕ್ಷರ ಬೇಕು. ಐವತ್ತಕ್ಕೆ ಸಮೀಪ ಅಕ್ಷರಗಳನ್ನೂ ಅವುಗಳ ಒತ್ತು ಗುಣಿತಗಳನ್ನೂ ಕಲಿತ ಕನ್ನಡಿಗನಿಗೆ ರಷ್ಯನ್ ಭಾಷೆಯ ಮೂವತ್ತಮೂರು ಅಕ್ಷರ ಒಂದು ವಾರದ ಕೆಲಸ. ಇಂಗ್ಲಿಷ್ ಬಲ್ಲೆನೆಂಬ ಗರ್ವದಿಂದ ಅದನ್ನು ಕಲಿಯದೆ ಹೋದವರು ‘ರೆಸ್ತೊರಾನ್’ ಎಂಬ ಹಲಗೆಯನ್ನು ‘ಪೆಕ್ಟೊಪಾಹ್’ ಎಂದು ಓದಿಕೊಂಡು ಹಸಿದು ಅಲೆಯುತ್ತಾರೆ. ಎರಡನೆಯದಾಗಿ ಪ್ರವಾಸೀ ಬಸ್ಸನ್ನು ಬಿಟ್ಟು ರೈಲು ಹತ್ತಬೇಕು. ಅದರಲ್ಲಿಯೂ ‘ಪ್ಲಾತ್ಸ್‌ಕಾರ್ತ್’ ಎಂಬ ತರಗತಿಯಲ್ಲಿ. ಅದು ನಮ್ಮ ಸ್ಲೀಪರ್ ಗಾಡಿಯ ಸೋದರ: ಬಾಗಿಲಿಲ್ಲದ ಅಂಕಣಗಳು, ಒಂದು ಗಾಡಿಗೆ ೫೪ ಮಲಗುವ ಹಲಗೆಗಳು, ತುದಿಯಲ್ಲಿ ಸದಾ ಕುದಿಯುವ ನೀರಿನ ಹಂಡೆ, ಶಿಸ್ತು ಕಾಯುವ ಗಾಡಿಯಮ್ಮ. ಮಾಸ್ಕೋದಿಂದ ವ್ಲಾದಿವೊಸ್ತೋಕಿಗೆ ೯,೨೦೦ ಕಿಲೋಮೀಟರಿಗೂ ಮೀರಿದ ದಾರಿ, ಸುಮಾರು ಏಳು ದಿನ. ಚಹಾದ ಲೋಟ ಹಿಡಿದು ಎದುರು ಕುಳಿತ ಮುದುಕಿಯೊಡನೆ ಏಳು ದಿನ ಕಳೆದವನು ಮಗನೆಲ್ಲಿ, ಮೊಮ್ಮಗನೆಲ್ಲಿ ಎಂದು ಕೇಳದೆ ಇರಲಾರನು. ಹಲವು ಸಾರಿ ಉತ್ತರಕ್ಕೆ ಬದಲು ಮೌನವೇ ಬರುವುದು. ಆ ಮೌನವನ್ನು ಅವನು ಬರೆದು ತರಲಿ.

ಬಾಯಿಗೆ ಕಡಿವಾಣವೂ ಬೇಕೆಂಬುದನ್ನು ನಾನು ಮರೆತಿಲ್ಲ. ೨೦೨೨ನೆಯ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಕೆಲವೇ ದಿನಗಳಲ್ಲಿ, ಸೈನ್ಯದ ಬಗ್ಗೆ ‘ಸುಳ್ಳು ಸುದ್ದಿ’ ಹರಡುವವರಿಗೆ ಹದಿನೈದು ವರ್ಷದವರೆಗೆ ಸೆರೆವಾಸ ವಿಧಿಸುವ ಕಾನೂನನ್ನು ಆ ಸರ್ಕಾರ ಮಾಡಿತು. ಸ್ಟಾಲಿನ್ನನ ಕಾಲದಲ್ಲಿ ಸತ್ತವರ ಹೆಸರುಗಳನ್ನು ಕೂಡಿಹಾಕುತ್ತಿದ್ದ ‘ಮೆಮೋರಿಯಲ್’ ಸಂಸ್ಥೆಯನ್ನು ಮುಚ್ಚುವಂತೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ೨೦೨೧ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು; ಮರುವರ್ಷ ಅದಕ್ಕೆ ನೊಬೆಲ್ ಶಾಂತಿ ಬಹುಮಾನದ ಪಾಲು ಬಂದಿತು. ಮಾಸ್ಕೋ–ವೋಲ್ಗಾ ಕಾಲುವೆಯಲ್ಲಿ ದೋಣಿವಿಹಾರ ಮಾಡುವ ನಮ್ಮವರಿಗೆ, ೧೯೩೨ರಿಂದ ೧೯೩೭ರವರೆಗೆ ಅದನ್ನು ತೋಡಿದವರು ಸೆರೆಯಾಳುಗಳೆಂದು ಮೊದಲೇ ತಿಳಿದಿರಲಿ. ಅಲ್ಲಿ ಮಾತನಾಡುವುದು ಬೇಡ. ಊರಿಗೆ ಬಂದ ಮೇಲೆ ಕನಕಪುರದಲ್ಲಿ ಯಾರೂ ಬಾಯಿ ಕಟ್ಟುವುದಿಲ್ಲವಷ್ಟೆ?

ಇದು ಕೇವಲ ಸಾಹಿತ್ಯದ ಚರ್ಚೆಯಾಗಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ೨೦೨೩ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ತರುಣರು ಭದ್ರತಾ ಕೆಲಸವೆಂಬ ಮಾತನ್ನು ನಂಬಿ ರಷ್ಯಾಕ್ಕೆ ಹೋದರು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದ ಮೇಲೆ ಅವರ ಕೈಗೆ ಬಂದದ್ದು ಬಂದೂಕು, ಕಳುಹಿಸಿದ್ದು ರಣರಂಗಕ್ಕೆ. ಅವರ ಹಾಗೆಯೇ ಹೋಗಿದ್ದ ಗುಜರಾತಿನ ತರುಣನೊಬ್ಬ ೨೦೨೪ರ ಫೆಬ್ರವರಿಯಲ್ಲಿ ಸತ್ತನು. ಕೇಂದ್ರ ತನಿಖಾ ದಳ ಮೊಕದ್ದಮೆ ಹೂಡಿತು. ಪ್ರಧಾನಮಂತ್ರಿಗಳು ಜುಲೈಯಲ್ಲಿ ಮಾಸ್ಕೋದಲ್ಲಿಯೇ ಈ ಮಾತೆತ್ತಿದರು. ಸೆಪ್ಟೆಂಬರಿನಲ್ಲಿ ನಮ್ಮ ಹುಡುಗರು ಊರಿಗೆ ಮರಳಿದರು. ಪ್ರವಾಸಿಯೆಂದು ಹೋಗಿ ಅದೇ ಬಲೆಗೆ ಸಿಕ್ಕಿದವರೂ ಪಂಜಾಬ್, ಹರಿಯಾಣಗಳಲ್ಲಿ ಉಂಟು. ಪುಸ್ತಕವೊಂದು ಇವರೆಲ್ಲರನ್ನೂ ಉಳಿಸುತ್ತಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಸೋವಿಯತ್ ಕಾಲದಿಂದಲೂ ನಾವು ಆ ದೇಶವನ್ನು ಕುರಿತು ಓದಿದ್ದು ಸ್ನೇಹ, ಬ್ಯಾಲೆ, ಬಾಹ್ಯಾಕಾಶಗಳ ಮಾತು. ಅಲ್ಲಿ ಕಾಗದಕ್ಕೆ ಸಹಿ ಹಾಕಿದವನ ಗತಿಯೇನು, ಸೈನ್ಯಕ್ಕೆ ಯಾರ ಮಕ್ಕಳು ಹೋಗುತ್ತಾರೆ, ವಿದೇಶಿಯ ದೂರನ್ನು ಯಾವ ಠಾಣೆ ಕೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದವರು ಯಾರು? ದಲ್ಲಾಳಿಯ ಸಿಹಿಮಾತಿಗೆ ಎದುರಾಗಿ ಒಬ್ಬ ಬಡ ತಂದೆಯ ಕೈಯಲ್ಲಿ ಇಡಬಹುದಾದ ಒಂದು ಹಾಳೆಯನ್ನೂ ನಮ್ಮ ಪ್ರವಾಸಿಗಳು ತಂದಿಲ್ಲ. ತಂದಿರುವುದು ರೆಫ್ರಿಜರೇಟರಿನ ಬಾಗಿಲಿಗೆ ಅಂಟಿಸುವ ಬೊಂಬೆಗಳನ್ನು.

ಬೊಂಬೆಯ ಮಾತು ಬಂದದ್ದರಿಂದ ಒಂದು ಕೋರಿಕೆ. ಒಂದರೊಳಗೊಂದು ಅಡಗುವ ‘ಮತ್ರ್ಯೋಷ್ಕಾ’ ಬೊಂಬೆಯನ್ನು ೧೮೯೦ರ ದಶಕದಲ್ಲಿ ಮೊದಲು ಕಡೆದವನು ಜ್ವ್ಯೋಜ್ದೋಚ್ಕಿನ್ ಎಂಬ ಕಸುಬುದಾರ, ಬಣ್ಣ ಬರೆದವನು ಮಾಲ್ಯೂತಿನ್ ಎಂಬ ಚಿತ್ರಗಾರ. ಜಪಾನಿನ ಬೊಂಬೆಯೊಂದು ಅದಕ್ಕೆ ಪ್ರೇರಣೆಯೆಂದು ಹೇಳುವರು. ಚನ್ನಪಟ್ಟಣಕ್ಕೂ ಬಾವಾಸ್ ಮಿಯಾ ಎಂಬವರು ಜಪಾನಿನ ಅರಗಿನ ವಿಧಾನವನ್ನು ತಂದರೆಂಬ ಪ್ರತೀತಿಯಿದೆ. ಹಾಗಾದರೆ ಎರಡೂ ಊರಿನವರು ಒಂದೇ ಗುರುವಿನ ಶಿಷ್ಯರಾದಂತಾಯಿತು! ಮುಂದೆ ನಮ್ಮ ಜಿಲ್ಲೆಯಿಂದ ಹೋಗುವವರು ಮಾಸ್ಕೋದಿಂದ ಸ್ಥಳೀಯ ರೈಲು ಹಿಡಿದು, ಈ ಬೊಂಬೆಗೆ ಹೆಸರಾದ ಸೆರ್ಗಿಯೆವ್ ಪೊಸಾದಿಗೆ ಹೋಗಲಿ. ಮಠದ ಚಿನ್ನದ ಗೋಪುರಗಳನ್ನು ನೋಡಿದ ಮೇಲೆ ಬೊಂಬೆ ಕಡೆಯುವವನ ಮನೆಯನ್ನು ಹುಡುಕಲಿ. ಲಿಂಡನ್ ಮರದ ಬೆಲೆ ಎಷ್ಟು, ಕೂಲಿ ಎಷ್ಟು, ನಡುವಿನ ವರ್ತಕ ಎಷ್ಟು ತಿನ್ನುತ್ತಾನೆ, ಮಗ ಆ ಕಸುಬನ್ನು ಹಿಡಿದಿದ್ದಾನೋ ಬಿಟ್ಟಿದ್ದಾನೋ, ೨೦೨೨ರ ಮೇಲೆ ವಿದೇಶೀ ಗಿರಾಕಿ ಬರುವುದು ನಿಂತು ಅವನ ಮನೆ ಹೇಗೆ ನಡೆದಿದೆ, ಆ ಬೀದಿಯಿಂದ ಯುದ್ಧಕ್ಕೆ ಹೋದವರೆಷ್ಟು, ಮರಳಿದವರೆಷ್ಟು, ಇವಿಷ್ಟನ್ನು ಬರೆದು ತರಲಿ. ಅಂಥ ಬರಹ ಈ ಪತ್ರಿಕೆಗೆ ಬಂದರೆ ಅದನ್ನು ಮೊದಲು ಓದುವವರು ಚನ್ನಪಟ್ಟಣದ ಕಲಾನಗರದವರಾಗಿರುತ್ತಾರೆ.