ಕರಗದೆ ಕೂಡುವ ಲೋಹ

ಕಬ್ಬಿಣದ ಗೇಟನ್ನು ಅರ್ಧ ಗಂಟೆಯಲ್ಲಿ ಬೆಸೆದುಕೊಡುವ ವೆಲ್ಡಿಂಗ್ ಅಂಗಡಿಯವರೂ ಅಲ್ಯೂಮಿನಿಯಂ ಎಂದರೆ ಹಿಂಜರಿಯುತ್ತಾರೆ. ಕಾರಣವಿದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಕರಗಿದ ಲೋಹ ಜಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಒಳಗೆ ಗುಳ್ಳೆಗಳನ್ನು ಉಳಿಸುತ್ತದೆ. ವಿಮಾನಕ್ಕೆ ಬಳಸುವ ಕೆಲವು ಗಟ್ಟಿ ಮಿಶ್ರಲೋಹಗಳಂತೂ ಬಿರುಕೇ ಬಿಡುತ್ತವೆ. ವಿಮಾನದ ಮೈತುಂಬ ರಿವೆಟ್ ಹೊಡೆಯುವುದಕ್ಕೆ ಇದೂ ಒಂದು ಕಾರಣ.

ಕರಗಿಸದೆಯೇ ಬೆಸೆದರೆ? ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು 1991ರಲ್ಲಿ ದಾರಿ ಕಂಡುಕೊಂಡರು. ಎರಡು ತಗಡುಗಳನ್ನು ಅಂಚಿಗೆ ಅಂಚು ತಾಗಿಸಿ ಬಿಗಿದು, ಗಿರಗಿರನೆ ತಿರುಗುವ ಉಕ್ಕಿನ ಉಪಕರಣವನ್ನು ಸಂದಿಗೆ ಒತ್ತುತ್ತಾರೆ. ಅದರ ತುದಿಯಲ್ಲೊಂದು ಗಿಡ್ಡ ಮೊಳೆ, ಮೊಳೆಯ ಮೇಲೆ ಅಗಲವಾದ ಭುಜ. ಭುಜ ಉಜ್ಜಿದ ಬಿಸಿಗೆ ಲೋಹ ಕರಗುವುದಿಲ್ಲ, ಮೆತ್ತಗಾಗುತ್ತದೆ. ಮೊಳೆ ಅದನ್ನು ತೊಳಸುತ್ತ ಸಂದಿಗುಂಟ ಸಾಗುತ್ತದೆ. ಕೋಲಿನಿಂದ ರಾಗಿಮುದ್ದೆ ತೊಳಸುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ. ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಎಂಬ ಇದರ ಹೆಸರನ್ನು ‘ತೊಳಸು ಬೆಸುಗೆ’ ಎಂದು ಕನ್ನಡಿಸಿದರೆ ತಪ್ಪಾಗದು. 1999ರಲ್ಲಿ ಹೀಗೆ ಬೆಸೆದ ಭಾಗವೊಂದನ್ನು ಹೊತ್ತು ಅಮೆರಿಕದ ಡೆಲ್ಟಾ ರಾಕೆಟ್ ಹಾರಿತು.

ಮುದ್ದೆಯಲ್ಲಿ ಗಂಟು ಉಳಿಯುವಂತೆ ಇಲ್ಲಿಯೂ ಕುಂದು ಉಳಿಯಬಹುದು. ಮೇಲೆ ನುಣುಪಾದ ಬೆಸುಗೆ, ಒಳಗೆ ಸುರಂಗದಂತಹ ಪೊಳ್ಳು! ಇನ್ನೂ ಕೆಟ್ಟದ್ದೆಂದರೆ ತಳದಲ್ಲಿ ಅಂಚುಗಳು ಬರಿದೆ ತಾಗಿಕೊಂಡು, ಕೂಡದೆ ಉಳಿಯುವುದು. ಕ್ಷಕಿರಣಕ್ಕೂ ಇದು ಸುಲಭವಾಗಿ ಸಿಕ್ಕಿಬೀಳದು. ಇಂಧನ ತುಂಬಿದ ರಾಕೆಟ್ ತೊಟ್ಟಿಯಲ್ಲಿ ಇಂಥದೊಂದು ಕುಂದು ಅಡಗಿದ್ದರೆ ಗತಿಯೇನು?

ಅಂದರೆ, ಎಷ್ಟು ಒತ್ತಬೇಕು ಎಂಬುದೇ ಮುಖ್ಯ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕುಮಾರ್ ಮತ್ತು ಸತೀಶ್ ಕೈಲಾಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಿಟ್ಟಿನಲ್ಲಿ ಸೊಗಸಾದದ್ದು. ಒಂದೊಂದು ಒತ್ತಡಕ್ಕೂ ಒಂದೊಂದು ತಗಡು ಕೆಡಿಸುವ ಬದಲು, ಉಪಕರಣ ಸಾಗಿದಂತೆಲ್ಲ ಲೋಹಕ್ಕೂ ಅದಕ್ಕೂ ಸಂಪರ್ಕ ಹೆಚ್ಚುತ್ತ ಹೋಗುವಂತೆ ಅವರು ಏರ್ಪಡಿಸಿದರು. ಆಮೇಲೆ ಬೆಸುಗೆಯನ್ನು ಅಡ್ಡಲಾಗಿ ಕೊಯ್ದು ನೋಡಿದರಾಯಿತು! ಮೊಳೆ ನಡೆಸುವ ಹರಿವು ಒಂದು, ಭುಜ ನಡೆಸುವ ಹರಿವು ಇನ್ನೊಂದು. ಎರಡೂ ಬೆರೆತಲ್ಲಿ ಮಾತ್ರ ಪೊಳ್ಳಿಲ್ಲದ ಬೆಸುಗೆ ಎಂಬುದು ಕಂಡುಬಂತು. ಕೊಯ್ದ ಮುಖದಲ್ಲಿ ಕಾಣುವ ಈರುಳ್ಳಿಯ ಬಳೆಗಳಂತಹ ಗೆರೆಗಳಿಗೂ ಈ ಜೋಡಿ ಹರಿವೇ ಕಾರಣ.

ಇನ್ನು ಮೊಳೆಯನ್ನು ಹೊರಗೆಳೆದಾಗ ಉಳಿಯುವ ತೂತು. ನೇರ ಬೆಸುಗೆಯಾದರೆ ತೂತಿರುವ ತುದಿಯನ್ನು ಕತ್ತರಿಸಿ ಎಸೆಯಬಹುದು. ದುಂಡನೆಯ ತೊಟ್ಟಿಗೆ ತುದಿಯೆಲ್ಲಿ? ಅದಕ್ಕೆಂದೇ ನಾಸಾದ ಮಾರ್ಷಲ್ ಕೇಂದ್ರದವರು, ಸುತ್ತು ಮುಗಿಯುತ್ತ ಬಂದಂತೆ ಭುಜದೊಳಕ್ಕೆ ಮೆಲ್ಲನೆ ಸರಿದುಕೊಳ್ಳುವ ಮೊಳೆಯನ್ನು ರೂಪಿಸಿದರು.